ಹಜಾರದ ಚಿತ್ರವನ್ನು ಇಳಿಸಬೇಕೆ?

ಓದುಗರ ಸ್ಪಂದನ

ಕಳೆದ ವಾರದ ಸಮಸ್ಯೆ: ಚಿಕ್ಕಮಗಳೂರು ಸಮೀಪದ ಓದುಗರೊಬ್ಬರ ತೋಟದ ಮನೆಯ ಹಜಾರದಲ್ಲಿ, ಮೂವತ್ತು ವರ್ಷಗಳ ಹಿಂದೆ ಅವರ ಮಾವನವರು ಕೊಂಡ ತೈಲವರ್ಣ ಚಿತ್ರವೊಂದಿದೆ. ಕಾಫಿ ಹಣ್ಣು ಕೊಯ್ಯುವ ಹೆಂಗಸರು, ಬಲಮೂಲೆಯಲ್ಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಒಬ್ಬ ಹುಡುಗಿ. ಅದನ್ನು ಬರೆದ ಕಲಾವಿದನಿಗೆ ಈಗ ಶಿಕ್ಷೆಯಾಗಿದೆ. ಚಿತ್ರ ಕಲಿಯಲು ಬರುತ್ತಿದ್ದ ಬಾಲಕಿಯ ಮೇಲೆ ದೌರ್ಜನ್ಯ ಎಸಗಿದ ಅಪರಾಧಕ್ಕೆ. ಚಿತ್ರ ಏನು ತಪ್ಪು ಮಾಡಿದೆ ಎನ್ನುತ್ತಾರೆ ಪತಿ. ಬೆಲೆ ಬೀಳುವ ಮೊದಲೇ ಮಾರಿಬಿಡಿ ಎನ್ನುತ್ತಾನೆ ಮಗ. ಏನು ಮಾಡಲಿ ಎಂದು ಅವರು ಕೇಳಿದ್ದರು.

ತಾಯಿ, ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿದವನು. ವರ್ಷಕ್ಕೊಮ್ಮೆ ಮಕ್ಕಳನ್ನು ಬೇಲೂರಿಗೆ ಕರೆದೊಯ್ದು, ಶಿಲ್ಪಗಳ ಕೆಳಗೆ ಕೆತ್ತಿದ ಅಕ್ಷರಗಳನ್ನು ತೋರಿಸುತ್ತಿದ್ದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಹೆಸರು, ಊರು, ಬಿರುದು ಎಲ್ಲವನ್ನೂ ಹೆಮ್ಮೆಯಿಂದ ಕೆತ್ತಿಕೊಂಡ ಜನ. ಅವರು ಮನೆಯಲ್ಲಿ ಹೆಂಡತಿಗೆ ಹೊಡೆಯುತ್ತಿದ್ದರೋ, ಯಾರದ್ದಾದರೂ ಸಾಲ ಮುಳುಗಿಸಿದ್ದರೋ, ಕಲ್ಲು ಬಾಯಿ ಬಿಡುವುದಿಲ್ಲ. ಒಂಬೈನೂರು ವರ್ಷ ಕಳೆದರೆ ಎಲ್ಲರೂ ಸಜ್ಜನರೇ. ನಿಮ್ಮ ಸಂಗತಿ ಹಾಗಲ್ಲ. ಆ ಮನುಷ್ಯ ಜೈಲಿನಲ್ಲಿದ್ದಾನೆ, ಆ ಬಾಲಕಿ ಇದೇ ಸೀಮೆಯಲ್ಲಿ ಎಲ್ಲೋ ಬೆಳಗಿನ ಬಸ್ಸಿಗೆ ಕಾಯುತ್ತಿದ್ದಾಳೆ.

ನಿಮ್ಮ ಯಜಮಾನರ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಇಟಲಿಯ ಚಿತ್ರಕಾರ ಕಾರವಾಜ್ಜೊ 1606ರಲ್ಲಿ ರೋಮಿನಲ್ಲಿ ಒಬ್ಬನನ್ನು ಇರಿದು ಕೊಂದ, ತಲೆದಂಡದ ಭಯದಿಂದ ಊರೂರು ಅಲೆದ. ಎರಡು ವರ್ಷದ ನಂತರ ಮಾಲ್ಟಾದಲ್ಲಿ ಸಂತ ಯೋಹಾನನ ಶಿರಚ್ಛೇದವನ್ನು ಚಿತ್ರಿಸಿದ. ಅವನು ತನ್ನ ಸಹಿ ಹಾಕಿರುವ ಒಂದೇ ಚಿತ್ರ ಅದು. ಹಾಕಿದ್ದು ಎಲ್ಲಿ? ಕುತ್ತಿಗೆಯಿಂದ ನೆಲಕ್ಕೆ ಹರಿದ ರಕ್ತದಲ್ಲಿ. ಅದನ್ನು ಪುಸ್ತಕದಲ್ಲಿ ಮೊದಲು ಕಂಡಾಗ ನನಗೆ ಬೆವರು ಬಂದಿತ್ತು. ಆದರೂ ಅದು ತಾನು ಮಾಡಿದ್ದನ್ನು ಬಲ್ಲವನ ಚಿತ್ರ. ಅದನ್ನು ಇಳಿಸಿ ಎನ್ನಲು ನನಗೆ ನಾಲಗೆ ಏಳುವುದಿಲ್ಲ.

ಫ್ರಾನ್ಸಿನ ಚಿತ್ರಕಾರ ಗೋಗ್ಯಾನ ಮಾತೇ ಬೇರೆ. 1891ರಲ್ಲಿ ಪೆಸಿಫಿಕ್ ಸಾಗರದ ತಾಹಿತಿ ದ್ವೀಪಕ್ಕೆ ಹೋದ ಅವನು ಅಲ್ಲಿ ಹದಿಮೂರರ ಆಸುಪಾಸಿನ ತೆಹಾಮನ ಎಂಬ ಹುಡುಗಿಯನ್ನು ಹೆಂಡತಿ ಎಂದು ಇಟ್ಟುಕೊಂಡ, ಅವಳನ್ನೇ ಕೂರಿಸಿ ಮಲಗಿಸಿ ಬರೆದ. ಅಲ್ಲಿ ತಪ್ಪು ಚಿತ್ರದ ಹೊರಗಿಲ್ಲ, ಬಣ್ಣದೊಳಗೇ ಇದೆ. ಅವನು 1892ರಲ್ಲಿ ಬರೆದ ಒಂದು ತಾಹಿತಿ ಚಿತ್ರ ಹತ್ತು ಹನ್ನೆರಡು ವರ್ಷಗಳ ಹಿಂದೆ ಸುಮಾರು 21 ಕೋಟಿ ಡಾಲರಿಗೆ ಮಾರಾಟವಾಯಿತು. ಬೆಲೆ ಬೀಳುತ್ತದೆ ಎಂದು ಹೆದರುವ ನಿಮ್ಮ ಮಗನಿಗೆ ಇದನ್ನು ಹೇಳಿ. ಮಾರುಕಟ್ಟೆಗೆ ಅಷ್ಟೊಂದು ನಾಚಿಕೆ ಇಲ್ಲ.

ಹಾಗಾಗಿ ನನ್ನದು ಒಂದೇ ಪ್ರಶ್ನೆ. ಬುಟ್ಟಿ ಹಿಡಿದು ಕುಳಿತ ಆ ಹುಡುಗಿ ಯಾರು? ಮನಸ್ಸಿನಲ್ಲೇ ಕಟ್ಟಿದ ಮುಖವೋ, ನಿಮ್ಮ ತೋಟದ ಕೂಲಿಯವರ ಲೈನಿನ ಮನೆಗಳಲ್ಲಿದ್ದ ಯಾರದೋ ಮಗಳೋ? ಮಾವನವರ ಕಾಲದ ಮೇಸ್ತ್ರಿ ಇನ್ನೂ ಇದ್ದರೆ ಅವರಿಗೆ ಗೊತ್ತಿರಬಹುದು. ಅದು ತಿಳಿಯುವವರೆಗೆ ಮಾರುವುದೂ ಬೇಡ, ಸುಡುವುದೂ ಬೇಡ.
— ನಿವೃತ್ತ ಚಿತ್ರಕಲಾ ಶಿಕ್ಷಕ, ಹಾಸನ

ಬರೆದವನ ನಡತೆ ನೋಡಿ ಚಿತ್ರ ಇಳಿಸುತ್ತಾ ಹೋದರೆ ಗೋಡೆಯಲ್ಲಿ ಕ್ಯಾಲೆಂಡರ್ ಮಾತ್ರ ಉಳಿಯುತ್ತದೆ. ಅದರಲ್ಲಿರುವ ದೇವರ ಕಥೆಗಳನ್ನೂ ಯಾರೂ ಕೆದಕದಿದ್ದರೆ!
— ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಮಾರುವ ಮಾತು ಬಂದಿದ್ದರಿಂದ ವಕೀಲನಾಗಿ ಒಂದು ಸಂಗತಿ ತಿಳಿಸುತ್ತೇನೆ. ಚಿತ್ರ ಗೋಡೆಯ ಮೇಲಿರುವಷ್ಟು ದಿನ ಆ ಕಲಾವಿದನಿಗೆ ನಿಮ್ಮಿಂದ ಚಿಕ್ಕಾಸೂ ಹೋಗುವುದಿಲ್ಲ. ಮಾವನವರು ಅಂದೇ ಕೊಟ್ಟು ಮುಗಿಸಿದ್ದಾರೆ. ಮಾರಿದರೆ ಲೆಕ್ಕ ಬೇರೆಯಾಗಬಹುದು. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮಿನ ಪ್ರಕಾರ, ಮೂಲ ಚಿತ್ರವೊಂದು ಹತ್ತು ಸಾವಿರ ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ, ಬರೆದವನು ಅದರಲ್ಲಿ ಪಾಲು ಕೇಳಬಹುದು. ಗರಿಷ್ಠ ಶೇಕಡ 10. ಹಾಗೆ ಕೇಳಿ ಬಂದವರನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ, ಆದರೆ ಹಕ್ಕು ಇದೆ. ಅವನಿಂದ ಕೈ ತೊಳೆದುಕೊಳ್ಳಲು ಹೊರಟು ಅವನಿಗೇ ಪಾಲು ಎಣಿಸಿಕೊಡುವ ಹಾಗಾದೀತು. ಮಾರಲೇಬೇಕೆಂದಿದ್ದರೆ ಕೊಳ್ಳುವವರಿಗೆ ತೀರ್ಪಿನ ವಿಷಯ ಮೊದಲೇ ಹೇಳಿ. ಬೆಲೆ ಬೀಳುವ ಮುಂಚೆ ಎಂಬ ಮಗನ ಅವಸರದಲ್ಲಿ, ಗೊತ್ತಿಲ್ಲದವನ ತಲೆಗೆ ಕಟ್ಟೋಣ ಎಂಬ ವಾಸನೆ ಇದೆ. ಕ್ಷಮಿಸಿ.

ಮತ್ತೊಂದು ಮಾತು. ದೂರು ಕೊಟ್ಟ ಬಾಲಕಿ ಯಾರೆಂದು ಮನೆಗೆ ಬಂದ ಅತಿಥಿಗಳೊಡನೆ ಊಹೆ ಮಾಡುತ್ತಾ ಕೂರಬೇಡಿ. ಅವಳ ಗುರುತನ್ನು ಪ್ರಕಟಿಸುವುದೇ ಪೋಕ್ಸೋ ಕಾಯ್ದೆಯಡಿ ಅಪರಾಧ. ಮಾಧ್ಯಮಗಳ ಮಾತಿರಲಿ, ಹಜಾರದ ಹರಟೆಯಿಂದಲೂ ಒಂದು ಊರಿನ ಬಾಯಿ ತೆರೆಯಲು ಒಂದು ಸಂಜೆ ಸಾಕು.
— ವಕೀಲ, ಚಿಕ್ಕಮಗಳೂರು

ಅಕ್ಕ, ನಮ್ಮ ಮನೆಯಲ್ಲಿದ್ದದ್ದು ಚಿತ್ರವಲ್ಲ, ಕ್ಯಾಸೆಟ್. ಮಗಳು ಸಂಗೀತ ಪಾಠಕ್ಕೆ ಹೋಗುತ್ತಿದ್ದ ಮೇಷ್ಟ್ರು ಹಾಡಿದ ದೇವರನಾಮಗಳು. ಸಂಜೆ ದೀಪ ಹಚ್ಚಿ ನಮ್ಮ ಮನೆಯವರು ಅದನ್ನು ಹಾಕುತ್ತಿದ್ದರು. ಮೊದಲ ಆಲಾಪ ಶುರುವಾದೊಡನೆ ಮಗಳು ಎದ್ದು ಹಿತ್ತಲಿಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಓದುವುದನ್ನು ತಪ್ಪಿಸಿಕೊಳ್ಳುವ ಉಪಾಯ ಎಂದು ನಾನು ಎಷ್ಟು ಸಲ ಬೈದಿದ್ದೇನೋ. ಅವಳು ಬಾಯಿ ಬಿಟ್ಟದ್ದು ಮದುವೆಯಾಗಿ ನಾಲ್ಕು ವರ್ಷದ ಮೇಲೆ.

ಆ ಕಂಠ ಇಂದಿಗೂ ಚೆನ್ನಾಗಿದೆ, ಸುಳ್ಳೇಕೆ ಹೇಳಲಿ. ಎಲ್ಲಾದರೂ ಅದೇ ದೇವರನಾಮ ಕೇಳಿದರೆ ಕಿವಿ ತಾನಾಗಿ ಆ ಕಡೆ ತಿರುಗುತ್ತದೆ. ಕ್ಯಾಸೆಟ್ಟನ್ನು ನಾವು ಮಾರಲಿಲ್ಲ, ಒಡೆಯಲೂ ಇಲ್ಲ. ಮಗಳೇ ಬಂದು ಪಟ್ಟಿಯನ್ನು ಉದ್ದಕ್ಕೆ ಎಳೆದು ಹಿತ್ತಲಿನ ಅವರೆ ಚಪ್ಪರಕ್ಕೆ ಕಟ್ಟಿದಳು. ಗಾಳಿಗೆ ಪರಪರ ಎನ್ನುತ್ತಿತ್ತು, ಆ ವರ್ಷ ಗಿಳಿಗಳು ಬರಲಿಲ್ಲ.

ನಿಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸರು ಆ ಚಿತ್ರದ ಕೆಳಗೆ ದಿನವೂ ಕಸ ಗುಡಿಸುತ್ತಾರಲ್ಲ, ಅವರಲ್ಲಿ ಯಾರಾದರೂ ಆ ಮೂಲೆಗೆ ಬಂದಾಗ ಮುಖ ತಿರುಗಿಸುತ್ತಾರೆಯೇ, ಒಮ್ಮೆ ನೋಡಿ.
— ಗೃಹಿಣಿ, ಕಡೂರು