ಗ್ಲೋ ಎಂಜಿನ್ ಸ್ಟಾರ್ಟರ್ ಎಳೀತಿಲ್ಲ, ಬ್ಯಾಟರಿ ದೊಡ್ಡದು ಹಾಕಲಾ?

ಪ್ರಶ್ನೆ (ಮಂಡ್ಯದ ಸದಸ್ಯರು): ಸಾರ್, ಮಾಡೆಲ್ ವಿಮಾನದ 46 ಸೈಜಿನ (0.46 ಘನ ಇಂಚು), ಕಾದ ತಂತಿಯ ಪ್ಲಗ್ ಇರೋ ಗ್ಲೋ ಎಂಜಿನ್‌ಗೆ 12 ವೋಲ್ಟಿನ ಹಳೇ ಹ್ಯಾಂಡ್ ಸ್ಟಾರ್ಟರ್ ಬಳಸ್ತೀನಿ. ಖಾಲಿ ಬಿಟ್ಟರೆ ಗಿರ್ರಂತ ತಿರುಗುತ್ತೆ. ಪ್ರೊಪೆಲ್ಲರ್ ಮುಂದಿನ ಟೊಪ್ಪಿ, ಅಂದ್ರೆ ಸ್ಪಿನ್ನರ್‌ಗೆ ಒತ್ತಿದ್ರೆ ಕಂಪ್ರೆಶನ್ ಹತ್ರ ಬಂದು ನಿಂತೇಬಿಡುತ್ತೆ. ಬ್ಯಾಟರಿ, ಯುಪಿಎಸ್‌ನಿಂದ ತೆಗೆದ 7 ಎಎಚ್‌ದು. 4 ಸೆಲ್ ಲಿಪೋ (ಲಿಥಿಯಂ ಪಾಲಿಮರ್ ಬ್ಯಾಟರಿ) ಹಾಕು ಅಂತಾರೆ ಫ್ರೆಂಡ್ಸು. ಹಾಕಬಹುದಾ?

ಉತ್ತರ (ಮೈಸೂರು, ಆಟೋ ಎಲೆಕ್ಟ್ರಿಷಿಯನ್): ಲಿಪೋ ಆಮೇಲೆ. ಮೊದಲು ಹೇಳಿ, ಆ ಬ್ಯಾಟರಿನ ಯುಪಿಎಸ್‌ನಿಂದ ಯಾಕೆ ತೆಗೆದ್ರಿ? ಬ್ಯಾಕಪ್ ಬರ್ತಿಲ್ಲ ಅಂತ ತಾನೇ?

ಖಾಲಿ ಓಡಿ ಲೋಡಿಗೆ ಸೋಲ್ತಾ ಇದೆ ಅಂದ್ರೆ ಹೆಚ್ಚಾಗಿ ದಾರೀಲಿ ಎಲ್ಲೋ ವೋಲ್ಟೇಜ್ ಕಳ್ಕೋತಿದೆ. ಖಾಲಿ ತಿರುಗೋವಾಗ ಕೆಲವೇ ಆಂಪಿಯರ್, ಒತ್ತಿ ನಿಂತಾಗ ಹತ್ತಾರು ಆಂಪಿಯರ್. ವೈರು, ಸ್ವಿಚ್ಚು, ಕ್ಲಿಪ್ಪು ಎಲ್ಲಾ ಸೇರಿ ಬರೀ 0.1 ಓಮ್ ಇದ್ರೂ 40 ಆಂಪಿಯರ್‌ಗೆ 4 ವೋಲ್ಟ್ ಅಲ್ಲೇ ಹೋಯ್ತು. ಒಬ್ಬರು ಎಂಜಿನ್ ಮೇಲೆ ಸ್ಟಾರ್ಟರ್ ಒತ್ತಲಿ, ನೀವು ಮಲ್ಟಿಮೀಟರ್ ಹಿಡೀರಿ. ಬ್ಯಾಟರಿ ಟರ್ಮಿನಲ್ ಮೇಲೇ ಒಂದ್ಸಲ, ಮೋಟಾರಿನ ಬ್ರಷ್ (ಒಳಗೆ ಕರೆಂಟ್ ದಾಟಿಸೋ ಕಾರ್ಬನ್ ತುಂಡು) ಟರ್ಮಿನಲ್ ಮೇಲೆ ಇನ್ನೊಂದ್ಸಲ. ಎರಡೂ ಬರೆದು ಹಾಕಿ.

ಮಂಡ್ಯದ ಸದಸ್ಯರು: ಬ್ಯಾಟರಿಲಿ 11.2, ಮೋಟಾರಲ್ಲಿ 7.8 ಸಾರ್.

ಉತ್ತರ: ಬ್ಯಾಟರಿ ಬಚಾವ್. ಮಧ್ಯ 3.4 ವೋಲ್ಟ್ ಹೋಗಿದೆ, ಕಳ್ಳ ಅಲ್ಲೇ ಇದ್ದಾನೆ. ಒತ್ತೋ ಸ್ವಿಚ್ ಬಿಚ್ಚಿ ನೋಡಿ, ಕಾಂಟ್ಯಾಕ್ಟ್ ಕರ್ರಗಾಗಿ ಗುಳಿ ಬಿದ್ದಿರುತ್ತೆ. ಉಜ್ಜಿದ್ರೆ ಸ್ವಲ್ಪ ದಿನ ಬರುತ್ತೆ, ಅಷ್ಟೇ.

ಅಪ್‌ಗ್ರೇಡ್ ಅಂತ ದುಡ್ಡು ಹಾಕೋದಾದ್ರೆ ಇಲ್ಲಿ ಹಾಕಿ. ಸ್ಕೂಟರಿನ 12 ವೋಲ್ಟ್ ಸೆಲ್ಫ್ ರಿಲೇ ತನ್ನಿ. ಅದರ ಎರಡು ದಪ್ಪ ಬೋಲ್ಟಿಗೆ ಬ್ಯಾಟರಿ-ಮೋಟಾರ್ ಲೈನು, ಎರಡು ಸಣ್ಣ ವೈರಿಗೆ ನಿಮ್ಮ ಹಳೇ ಬಟನ್ನು. ಆಗ ಬಟನ್ ಮೇಲೆ ಕಾಯಿಲ್ ಕರೆಂಟ್ ಮಾತ್ರ ಬರುತ್ತೆ, ಸುಡಲ್ಲ. ವೈರು 6 ಸ್ಕ್ವೇರ್ ಎಂಎಂ ಮಲ್ಟಿಸ್ಟ್ರಾಂಡ್, ಎಷ್ಟು ಗಿಡ್ಡ ಆದ್ರೆ ಅಷ್ಟು ಒಳ್ಳೇದು. ಕ್ರೊಕೊಡೈಲ್ ಕ್ಲಿಪ್ ಬಿಸಾಕಿ ಎಕ್ಸ್‌ಟಿ60 ಕನೆಕ್ಟರ್ ಬೆಸುಗೆ ಹಾಕಿ.

ಹೇಗೂ ಬಿಚ್ತೀರಲ್ಲ, ಮೋಟಾರ್ ಒಳಗೂ ನೋಡಿಬಿಡಿ. ಮುಚ್ಚಳ ತೆಗೆಯೋ ಮುಂಚೆ ಮುಚ್ಚಳಕ್ಕೂ ಬಾಡಿಗೂ ಸೇರಿಸಿ ಮಾರ್ಕರಲ್ಲಿ ಒಂದು ಗೀಟು ಎಳೀರಿ. ಅದನ್ನ ತಿರುಗಿಸಿ ಹಾಕಿದ್ರೆ ಬ್ರಷ್ಷು, ಮ್ಯಾಗ್ನೆಟ್ ಹೊಂದಾಣಿಕೆ ತಪ್ಪುತ್ತೆ, ಮೋಟಾರ್ ಉಲ್ಟಾನೂ ತಿರುಗಬಹುದು. ಬ್ರಷ್ ಉಜ್ಜೋ ತಾಮ್ರದ ಪಟ್ಟಿಗಳ ಉಂಗುರ, ಅಂದ್ರೆ ಕಮ್ಯುಟೇಟರ್‌ನ ನುಣ್ಣನೆಯ ಸ್ಯಾಂಡ್‌ಪೇಪರಲ್ಲಿ ಉಜ್ಜಿ, ಎಮರಿ ಪೇಪರ್ ಬೇಡ. ಪಟ್ಟಿಗಳ ಸಂದೀಲಿ ಕೂತಿರೋ ಕಾರ್ಬನ್ ಪುಡಿನ ಹ್ಯಾಕ್ಸಾ ಬ್ಲೇಡಿನ ಚೂರಿಂದ ಹುಷಾರಾಗಿ ಕೆರೆದು ತೆಗೀರಿ. ಶಾಫ್ಟ್ ಕೂರೋ ಬುಷ್‌ಗೆ ಒಂದೇ ಹನಿ ಎಣ್ಣೆ. ಕಮ್ಯುಟೇಟರ್ ಕಡೆ ಹರಿದ್ರೆ ಮಾಡಿದ ಕೆಲಸ ದಂಡ.

ಇನ್ನೊಬ್ಬ ಸದಸ್ಯರು: ಹಾಗಾದ್ರೆ 4 ಸೆಲ್ ಬೇಡವೇ ಬೇಡ್ವಾ ಅಣ್ಣ?

ಉತ್ತರ: 3 ಸೆಲ್ ಫುಲ್ ಚಾರ್ಜಲ್ಲಿ 12.6 ವೋಲ್ಟ್, ಲೆಡ್ ಆಸಿಡ್ ಬದಲಿಗೆ ಸಾಕಷ್ಟಾಯ್ತು. 4 ಸೆಲ್ 16.8. ಲೋಡಿಗೆ ಮೋಟಾರ್ ನಿಂತ್ರೆ ಕರೆಂಟೂ ಅದೇ ಲೆಕ್ಕದಲ್ಲಿ ಏರುತ್ತೆ, ಬಿಸಿ ಅದಕ್ಕಿಂತ ಜಾಸ್ತಿ. ಅದಕ್ಕಿಂತ ನನ್ನ ಭಯ ಎಂಜಿನ್ ಬಗ್ಗೆ. ಸಿಲಿಂಡರಿಗೆ ಫ್ಯೂಯಲ್ ತುಂಬ್ಕೊಂಡು ಜಾಮ್ ಆಗಿರೋವಾಗ ಅಷ್ಟು ಜೋರಲ್ಲಿ ತಿರುಗಿಸಿದ್ರೆ ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಪ್ಲಗ್ಗಿಗೆ ಕರೆಂಟ್ ಕೊಡದೆ ಮೊದಲು ಪ್ರೊಪೆಲ್ಲರ್‌ನ ಕೈಯಲ್ಲೇ ಒಂದು ಸುತ್ತು ತಿರುಗಿಸಿ ನೋಡಿ. ಬಿಗಿದು ನಿಂತ್ರೆ ಗ್ಲೋ ಪ್ಲಗ್ ಬಿಚ್ಚಿ, ತಿರುಗಿಸಿ ಇರೋ ಫ್ಯೂಯಲ್ ಹೊರಗೆ ಹಾಕಿಸಿ. ಮುಖ ಆ ಕಡೆ ಇರಲಿ, ಪಿಚಕಾರಿ ಥರ ಹಾರುತ್ತೆ.

ಲಿಪೋ ಕಟ್ಟಿದ್ರೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿ. ಪೋಲಾರಿಟಿನೂ ನೋಡ್ಕೊಳಿ: ವಿಮಾನದ ಮುಂದೆ ನಿಂತು ನೋಡಿದ್ರೆ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಬೇಕು.

ಮಂಡ್ಯದ ಸದಸ್ಯರು: ಬಿಚ್ಚಿ ನೋಡಿದೆ ಸಾರ್, ಸ್ವಿಚ್ ನೀವು ಹೇಳಿದ ಹಾಗೇ ಇದೆ. ಬ್ರಷ್ಷೂ ಸವೆದಿದೆ, ಇದರ ಸೈಜ್ ಇಲ್ಲಿ ಸಿಗಲಿಲ್ಲ. ಪಂಪ್‌ಸೆಟ್ ವೈಂಡಿಂಗ್ ಅಂಗಡಿಯವರು ಗ್ರೈಂಡರ್ ಬ್ರಷ್ ಕೊಡ್ತೀನಿ ಅಂದ್ರು.

ಉತ್ತರ: ಅದು ಬೇಡ. ಗ್ರೈಂಡರ್ ಬ್ರಷ್ 230 ವೋಲ್ಟಿನ ಗಟ್ಟಿ ಕಾರ್ಬನ್ದು, 12 ವೋಲ್ಟಲ್ಲಿ ಅದೇ ಒಂದು ತಡೆ ಆಗುತ್ತೆ. ಬೈಕ್ ಸೆಲ್ಫ್ ಮೋಟಾರಿನ ತಾಮ್ರ ಮಿಶ್ರಿತ ಬ್ರಷ್ ಕೇಳಿ, ಕೆಂಪು ಹೊಳಪು ಇರುತ್ತೆ. ಸ್ವಲ್ಪ ದೊಡ್ಡದೇ ತಂದು ಸ್ಯಾಂಡ್‌ಪೇಪರ್ ಮೇಲೆ ಉಜ್ಜಿ ಸೈಜಿಗೆ ತನ್ನಿ. ಹೋಲ್ಡರಲ್ಲಿ ಸಲೀಸಾಗಿ ಜಾರಬೇಕು, ಲೊಡಲೊಡ ಅನ್ನಬಾರದು.