ಪ್ರಾಣಿ ನೋಡಲು ಬಂದವರು, ಗಾಳ ಹಾಕಲು ಬಂದವರು: ಒಂದೇ ಬೋಟ್, ಒಂದೇ ಟ್ರಿಪ್ ಆಗುತ್ತದೆಯೇ?

ಪ್ರಶ್ನೆ: ನಾನು ಮತ್ತು ನನ್ನ ಹೆಂಡತಿ ಸೇರಿ 12 ಮೀಟರ್ ಉದ್ದದ ಯಾಟ್ ಒಂದನ್ನು ಚಾರ್ಟರ್‌ಗೆ, ಅಂದರೆ ಬಾಡಿಗೆ ಟ್ರಿಪ್‌ಗೆ ಬಿಡಬೇಕು ಅಂದುಕೊಂಡಿದ್ದೇವೆ. ತಿಮಿಂಗಿಲ, ಡಾಲ್ಫಿನ್, ಕಡಲ ಹಕ್ಕಿ ತೋರಿಸುವುದು, ದಾರಿಯಲ್ಲೇ ಗಾಳ ಹಾಕಿಸುವುದು. ಎರಡನ್ನೂ ಒಂದೇ ಟ್ರಿಪ್‌ನಲ್ಲಿ ಮಾಡಬಹುದಾ? ಶುರು ಮಾಡುವ ಮುಂಚೆ ಏನೇನು ನೋಡಿಕೊಳ್ಳಬೇಕು? ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ (ಬಹಳ ಕಾಲದಿಂದ ಇದೇ ಕೆಲಸದಲ್ಲಿರುವ ಬೋಟ್ ಮಾಲೀಕರು): ಮಾಡಬೇಡಿ. ಬೋಟ್ ಒಂದೇ ಇರಲಿ, ಟ್ರಿಪ್ ಬೇರೆ ಬೇರೆ ಇರಲಿ. ನನಗೆ ಈ ವಿಷಯದಲ್ಲಿ ಎರಡು ಮಾತಿಲ್ಲ.

ಮೊದಲನೆಯದು ಪ್ರಾಣಿಗಳ ಲೆಕ್ಕ. ಡಾಲ್ಫಿನ್‌ಗಳು ಬಹಳ ಬೇಗ ಕಲಿಯುತ್ತವೆ. ಗಾಳಕ್ಕೆ ಸಿಕ್ಕ ಮೀನನ್ನು ದಾರದಿಂದಲೇ ಕಿತ್ತುಕೊಳ್ಳಬಹುದು ಅಂತ ಒಂದು ಸಲ ಗೊತ್ತಾದರೆ ಬೋಟ್ ಹಿಂದೆಯೇ ಬರಲು ಶುರು ಮಾಡುತ್ತವೆ. ಆಮೇಲೆ ಕೊಕ್ಕೆ ನುಂಗುವುದು, ದಾರ ರೆಕ್ಕೆಗೆ ಸುತ್ತಿಕೊಳ್ಳುವುದು ಎಲ್ಲ ಆಗುತ್ತದೆ. ಎರೆಗೆ ಎರಗುವ ಕಡಲ ಹಕ್ಕಿಗಳ ಕಥೆಯೂ ಅಷ್ಟೇ. ಉಳಿದ ಎರೆಯನ್ನೋ ಮೀನಿನ ತಲೆಯನ್ನೋ ಯಾರಾದರೂ ಸುಮ್ನೆ ಡಾಲ್ಫಿನ್ ಕಡೆ ಎಸೆದರೆ, ಅಮೆರಿಕದಂಥ ದೇಶಗಳಲ್ಲಿ ಅದು ಕಾನೂನಿಗೇ ವಿರುದ್ಧ. ಗಾಳದ ಟ್ರಿಪ್‌ನಲ್ಲಿ ಡಾಲ್ಫಿನ್ ಕಾಣಿಸಿದರೆ ನಾವು ಮೊದಲು ಮಾಡುವ ಕೆಲಸ ದಾರಗಳನ್ನೆಲ್ಲ ಮೇಲೆ ಎಳೆದುಕೊಳ್ಳುವುದು. ದುಡ್ಡು ಕೊಟ್ಟು ಗಾಳ ಹಾಕಲು ಬಂದವರಿಗೆ ಇದು ಬೇಸರ ತರುತ್ತದೆ. ಅದಕ್ಕೇ ಹೊರಡುವ ಮುಂಚೆಯೇ ಹೇಳಿಬಿಡಬೇಕು.

ಎರಡನೆಯದು ಗಾಳಿ. ತಿಮಿಂಗಿಲ ಹುಡುಕಲು ಗಾಳಿಯ ಬಲ ಅಳೆಯುವ ಬೋಫರ್ಟ್ ಮಾಪಕದಲ್ಲಿ 3, ಅಂದರೆ 10 ನಾಟ್‌ವರೆಗಿನ (ಗಂಟೆಗೆ ಸುಮಾರು 18.5 ಕಿ.ಮೀ.) ಗಾಳಿ ಇದ್ದರೆ ಚೆನ್ನ. 4 ದಾಟಿತೋ, ಎಲ್ಲೆಲ್ಲೂ ಬಿಳಿ ನೊರೆ. ದೂರದ ಉಸಿರಿನ ಬುಗ್ಗೆ ಯಾವುದು, ನೊರೆ ಯಾವುದು ಅಂತ ಗೊತ್ತೇ ಆಗುವುದಿಲ್ಲ. ಅದೇ ಗಾಳಿಯಲ್ಲಿ ಗಾಳದ ಟ್ರಿಪ್ ಆರಾಮಾಗಿ ಹೋಗಬಹುದು. ಟ್ರಿಪ್ ಬೇರೆ ಇಟ್ಟರೆ ಒಂದನ್ನು ರದ್ದು ಮಾಡಿದ ದಿನವೂ ಇನ್ನೊಂದು ನಡೆಯುತ್ತದೆ. ಮುನ್ಸೂಚನೆಯಲ್ಲಿ ಅಲೆಯ ಎತ್ತರ ಮಾತ್ರ ನೋಡಬೇಡಿ, ಎರಡು ಅಲೆಗಳ ನಡುವಿನ ಸಮಯವನ್ನೂ ನೋಡಿ. 12 ಸೆಕೆಂಡಿಗೊಂದು ಬರುವ 2 ಮೀಟರ್ ಅಲೆ ಬೋಟನ್ನು ಮೆಲ್ಲಗೆ ಎತ್ತಿ ಇಳಿಸುತ್ತದೆ. 6 ಸೆಕೆಂಡಿಗೊಂದು ಬಂದರೆ ಎಲ್ಲರೂ ವಾಂತಿ ಮಾಡುತ್ತಾರೆ.

ಹತ್ತಿರ ಹೋಗುವ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಈ ಕಸುಬಿನ ಮರ್ಯಾದೆ ಇರುವುದೇ ಇಲ್ಲಿ. ನಿಯಮ ದೇಶದಿಂದ ದೇಶಕ್ಕೆ ಬೇರೆ. ತಿಮಿಂಗಿಲಕ್ಕೆ 100 ಮೀಟರ್, ಡಾಲ್ಫಿನ್‌ಗೆ 50 ಮೀಟರ್ ಅನ್ನುವುದು ಹಲವು ಕಡೆ ಇದೆ. ಮರಿ ಜೊತೆಗಿದ್ದರೆ ಇನ್ನೂ ದೂರ. ನಿಮ್ಮ ಕಡಲಿನ ನಿಯಮವನ್ನು ಬರೆದು ಚುಕ್ಕಾಣಿಯ ಪಕ್ಕ ಅಂಟಿಸಿ, ಪ್ರಯಾಣಿಕರೂ ಓದಲಿ. ಎದುರಿನಿಂದ ಹೋಗಬೇಡಿ, ನೇರ ಹಿಂದಿನಿಂದಲೂ ಬೇಡ. ಪಕ್ಕದಲ್ಲಿ, ಸ್ವಲ್ಪ ಹಿಂದೆ, ಅದು ಹೋಗುವ ದಿಕ್ಕಿಗೇ ಸಮನಾಗಿ ನಿಧಾನವಾಗಿ ಸಾಗಿ. ತಾನಾಗಿಯೇ ನಿಮ್ಮ ಕಡೆ ಬಂದರೆ ಎಂಜಿನ್ ನ್ಯೂಟ್ರಲ್‌ಗೆ ಹಾಕಿ, ದಾಟಿ ಹೋಗುವವರೆಗೆ ಕಾಯಿರಿ. ಡಾಲ್ಫಿನ್ ಮುಂಭಾಗದ ಅಲೆಯಲ್ಲಿ ಆಡಲು ಬಂದರೆ ವೇಗವನ್ನೂ ದಿಕ್ಕನ್ನೂ ಹಾಗೇ ಇಟ್ಟುಕೊಳ್ಳಿ. ಅವು ಸಾಕು ಅನಿಸಿದಾಗ ಹೋಗುತ್ತವೆ.

ಸ್ಪರ್ಮ್ ತಿಮಿಂಗಿಲ ಇರುವ ಕಡಲಾದರೆ ತಾಳ್ಮೆ ಬಹಳ ಬೇಕು. ಅದರ ಉಸಿರಿನ ಬುಗ್ಗೆ ನೆಟ್ಟಗೆ ಏಳುವುದಿಲ್ಲ, ಮುಂದಕ್ಕೆ ಎಡಕ್ಕೆ ವಾಲುತ್ತದೆ. ಮೂಗಿನ ಹೊಳ್ಳೆ ತಲೆಯ ಎಡತುದಿಯಲ್ಲಿ ಇರುವುದೇ ಅದಕ್ಕೆ ಕಾರಣ. ಮೇಲೆ ಕೆಲವು ನಿಮಿಷ ಬಿಟ್ಟು ಬಿಟ್ಟು ಉಸಿರಾಡುತ್ತದೆ, ಆಮೇಲೆ ಬೆನ್ನು ಬಾಗಿಸಿ, ಬಾಲ ಎತ್ತಿ, ನೆಟ್ಟಗೆ ಇಳಿದುಬಿಡುತ್ತದೆ. ಅದು ಹೋದ ಜಾಗದಲ್ಲಿ ನೀರು ಎಣ್ಣೆ ಸವರಿದ ಹಾಗೆ ನುಣ್ಣಗೆ ನಿಂತಿರುತ್ತದೆ. ಮತ್ತೆ ಬರಲು ಮುಕ್ಕಾಲು ಗಂಟೆಯೂ ಆಗಬಹುದು. ಆ ಹೊತ್ತಿನಲ್ಲಿ ಹೈಡ್ರೋಫೋನ್ (ನೀರೊಳಗಿನ ಮೈಕ್) ನೀರಿಗಿಳಿಸಿ ಜನರಿಗೆ ಅದರ ಟಿಕ್ ಟಿಕ್ ಸದ್ದು ಕೇಳಿಸಿ. ಕಣ್ಣಿಗೆ ಕಂಡದ್ದಕ್ಕಿಂತ ಆ ಸದ್ದನ್ನೇ ನೆನಪಿಟ್ಟುಕೊಂಡವರನ್ನು ನಾನು ನೋಡಿದ್ದೇನೆ.

ಉತ್ತರ (ಎಂಜಿನ್ ರಿಪೇರಿ ಮಾಡುವವರು): ಮೊದಲು ಇನ್ಶೂರೆನ್ಸ್ ಪಾಲಿಸಿ ತೆಗೆದು ಓದಿ. ಸ್ವಂತ ಬಳಕೆಗೆ ಮಾಡಿಸಿದ ಪಾಲಿಸಿ ಸಾಮಾನ್ಯವಾಗಿ ಬಾಡಿಗೆ ಟ್ರಿಪ್‌ಗೆ ನಡೆಯುವುದಿಲ್ಲ. ಪ್ರಯಾಣಿಕರ ಸಂಖ್ಯೆಯೂ ಮುಖ್ಯ. ಹಡಗುಗಳ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್‌ನಲ್ಲಿ 12ಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ಅದು ಪ್ಯಾಸೆಂಜರ್ ಹಡಗು. ಸಣ್ಣ ಬೋಟ್‌ಗೆ ಎಷ್ಟು ಜನ ಅನ್ನುವುದನ್ನು ನಿಮ್ಮ ದೇಶದ ಲೈಸೆನ್ಸ್ ಹೇಳುತ್ತದೆ. ಇಬ್ಬರೇ ನಡೆಸುವ ಬೋಟ್‌ನಲ್ಲಿ ಅದಕ್ಕಿಂತ ಕಡಿಮೆಯೇ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಒಬ್ಬರು ಚುಕ್ಕಾಣಿ ಬಿಡುವ ಹಾಗಿಲ್ಲ, ಉಳಿದೆಲ್ಲ ಇನ್ನೊಬ್ಬರ ತಲೆಯ ಮೇಲೆ, ಅಲ್ವಾ?

ಎಂಜಿನ್ ಶುರುವಾದ ಕೂಡಲೇ ಹಿಂದೆ ಹೋಗಿ ಎಕ್ಸಾಸ್ಟ್‌ನಿಂದ ನೀರು ಉಗುಳುತ್ತಿದೆಯೇ ನೋಡಿ. ಇಲ್ಲವಾದರೆ ನೀರು ಒಳಬರುವ ದಾರಿಯಲ್ಲಿ ಪಾಚಿ ಕಟ್ಟಿದೆ, ಇಲ್ಲ ಪಂಪಿನೊಳಗೆ ನೀರು ತಳ್ಳುವ ಚಕ್ರ, ಅಂದರೆ ಇಂಪೆಲರ್ ಹೋಗಿದೆ. ಇಂಪೆಲರ್, ಬೆಲ್ಟ್, ಡೀಸೆಲ್ ಫಿಲ್ಟರ್ ಸ್ಪೇರ್ ಯಾವಾಗಲೂ ಬೋಟ್‌ನಲ್ಲಿರಲಿ. ಟ್ಯಾಂಕಿನ ತಳದ ಕೊಳೆ ಕಡಲು ಕುಲುಕುವಾಗಲೇ ಮೇಲೆದ್ದು ಫಿಲ್ಟರ್ ಕಟ್ಟುತ್ತದೆ. ಅಂದರೆ ಎಂಜಿನ್ ಅತಿ ಬೇಕಾದ ಹೊತ್ತಿನಲ್ಲೇ. ಡೀಸೆಲ್‌ನಲ್ಲಿ ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಒಂದು ಭಾಗ ಮುಟ್ಟಬಾರದು. ಪ್ರಾಣಿ ಹುಡುಕುವ ಟ್ರಿಪ್‌ಗೆ ಇದು ಇನ್ನೂ ಮುಖ್ಯ. "ಇನ್ನೊಂಚೂರು ಮುಂದೆ ಹೋಗೋಣ" ಅಂತ ಎಲ್ಲರೂ ಕೇಳುತ್ತಾರೆ. ರೇಡಿಯೋ ತುರ್ತು ಕರೆಯ 16ನೇ ಚಾನೆಲ್‌ನಲ್ಲಿರಲಿ.

ಉತ್ತರ (ಗಾಳದ ಟ್ರಿಪ್‌ಗಳಲ್ಲಿ ಕೆಲಸ ಮಾಡುವವರು): ಬೋಟ್ ಓಡಿಸುತ್ತಾ ಹಿಂದೆ ದಾರ ಎಳೆಯುವ ಟ್ರೋಲಿಂಗ್ ಮಾಡುವವರು ಒಂದು ವಿಷಯ ಗಮನಿಸಿ. ಕಡಲ ಸಂಚಾರದ ಅಂತರರಾಷ್ಟ್ರೀಯ ನಿಯಮದಲ್ಲಿ ಇದನ್ನು "ಮೀನುಗಾರಿಕೆಯಲ್ಲಿ ತೊಡಗಿರುವ ಹಡಗು" ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದಾರ ಹಾಕಿದ್ದೇವೆ, ಬೇರೆಯವರು ದಾರಿ ಬಿಡಬೇಕು ಅಂತ ಕೂರುವ ಹಾಗಿಲ್ಲ. ನೀವು ಬಿಡಬೇಕಾದ ಕಡೆ ನೀವೇ ಬಿಡಬೇಕು.

ವಾಪಸ್ ಬಿಡುವ ಮೀನಾದರೆ ದುಂಡಗೆ ಬಾಗಿದ ಸರ್ಕಲ್ ಕೊಕ್ಕೆ ಬಳಸಿ. ಅದು ಹೊಟ್ಟೆಗಿಳಿಯುವುದು ಕಡಿಮೆ, ಬಾಯಿಯ ಮೂಲೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಮೀನನ್ನು ಒದ್ದೆ ಕೈಯಲ್ಲಿ ಹಿಡಿಯಿರಿ. ಆಳದಿಂದ ಬೇಗ ಎಳೆದ ಮೀನಿನ ಒಳಗಿನ ಗಾಳಿಚೀಲ ಊದಿ, ಕೆಲವೊಮ್ಮೆ ಹೊಟ್ಟೆಯೇ ಬಾಯಿಂದ ಹೊರಗೆ ಬಂದಿರುತ್ತದೆ. ಅದನ್ನು ಚುಚ್ಚಬೇಡಿ. ತೂಕ ಕಟ್ಟಿದ ಕ್ಲಿಪ್ಪಿನಲ್ಲಿ ಕಚ್ಚಿಸಿ ಆಳಕ್ಕೆ ಇಳಿಸಿದರೆ ಬದುಕುವ ಅವಕಾಶ ಹೆಚ್ಚು. ಹರಿದ ದಾರವನ್ನು ನೀರಿಗೆ ಬಿಡಲೇಬೇಡಿ. ಚುಕ್ಕಾಣಿಯ ಹತ್ತಿರ ಒಂದು ಡಬ್ಬ ಇಟ್ಟು ಎಲ್ಲ ತುಂಡೂ ಅದಕ್ಕೇ ಹಾಕಿಸಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟ್ರಿಪ್ ಬೇರೆ ಮಾಡುವುದು ಖಚಿತ. ಇನ್ನೊಂದು ಸಂಶಯ. ತಿಮಿಂಗಿಲ ಕಾಣಿಸದಿದ್ದರೆ ಹಣ ವಾಪಸ್ ಕೊಡಬೇಕಾ?

ಉತ್ತರ (ಬೋಟ್ ಮಾಲೀಕರು): ಹಣ ವಾಪಸ್ ಅನ್ನುವ ಬೋಟ್‌ಗಳಿವೆ, ಇನ್ನೊಂದು ಟ್ರಿಪ್ ಉಚಿತ ಅನ್ನುವವರೂ ಇದ್ದಾರೆ. ನಾನು ಇನ್ನೊಂದು ಟ್ರಿಪ್ ಕೊಡುವ ಪಕ್ಷ. ಹಣ ವಾಪಸ್ ಅಂತ ಮಾತು ಕೊಟ್ಟರೆ, ಕಾಣಿಸದ ದಿನ ಕತ್ತಲಾಗುವವರೆಗೂ ಹುಡುಕಬೇಕು, ಕಂಡ ದಿನ ಇನ್ನೂ ಹತ್ತಿರ ಹೋಗಬೇಕು ಅನ್ನುವ ಒತ್ತಡ ನಿಮ್ಮ ಕೈಯನ್ನೇ ತಳ್ಳುತ್ತದೆ. ಬುಕಿಂಗ್ ಹೊತ್ತಿಗೇ ಹೇಳಿ: ಪ್ರಾಣಿ ಕಾಣಬಹುದು, ಕಾಣದೆಯೂ ಇರಬಹುದು. ಹವಾಮಾನದ ಮೇಲೆ ರದ್ದು ಮಾಡುವ ಮಾತು ನಮ್ಮದು, ಆಗ ಪೂರ್ತಿ ಹಣ ವಾಪಸ್.

ಕಡಲಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿ, ಹತ್ತುವ ಮುಂಚೆಯೇ ತೆಗೆದುಕೊಳ್ಳಲಿ. ತಲೆ ಸುತ್ತಿದ ಮೇಲೆ ನುಂಗಿದರೆ ಹೆಚ್ಚು ಉಪಯೋಗವಿಲ್ಲ. ಸುಸ್ತಾದವರನ್ನು ಕ್ಯಾಬಿನ್‌ಗೆ ಕಳಿಸಬೇಡಿ, ಬೋಟ್‌ನ ನಡುವೆ ಕೂರಿಸಿ ದಿಗಂತ ನೋಡಲು ಹೇಳಿ.

ಪ್ರಾಣಿ ಕಂಡ ಜಾಗ, ಹೊತ್ತು, ಗಾಳಿ, ಭರತವೋ ಇಳಿತವೋ, ಹಕ್ಕಿಗಳಿದ್ದವೋ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಏನೂ ಕಾಣದ ದಿನವನ್ನೂ ಬರೆಯಿರಿ. ಹಂಪ್‌ಬ್ಯಾಕ್ ತಿಮಿಂಗಿಲ ಇರುವ ಕಡಲಾದರೆ ಬಾಲದ ಅಡಿಭಾಗದ ಫೋಟೋ ತೆಗೆಸಿ. ಒಂದೊಂದರ ಗುರುತು ಒಂದೊಂದು ಥರ. ಫೋಟೋದಿಂದ ತಿಮಿಂಗಿಲ ಗುರುತಿಸುವ ಹ್ಯಾಪಿವೇಲ್ ಅನ್ನುವ ವೆಬ್ ತಾಣಕ್ಕೆ ಪ್ರಯಾಣಿಕರೇ ಕಳಿಸಬಹುದು. ಅದೇ ತಿಮಿಂಗಿಲ ಮುಂದೆ ಬೇರೆಲ್ಲೋ ಕಂಡರೆ ಅವರಿಗೇ ಸುದ್ದಿ ಬರುತ್ತದೆ.