ಅಪ್‌ಡೇಟ್: ಅವ್ವನ ಬಿಪಿ ಇಳಿದಿದೆ

ಮಾತ್ರೆ ತಗೊಂಡರೂ ಕೊಪ್ಪಳದಲ್ಲಿರುವ ಅವ್ವನ ಬಿಪಿ 150/95ರ ಕೆಳಗೆ ಬರ್ತಿಲ್ಲ, ಊಟದಲ್ಲಿ ಏನು ಬದಲಿಸಬೇಕು ಅಂತ ಕೇಳಿದ್ದೆ. ಈಗ 132/84ರ ಆಸುಪಾಸಿನಲ್ಲಿದೆ. ಮಾತ್ರೆ ನಿಲ್ಲಿಸಿಲ್ಲ.

ಕೆಲಸ ಮಾಡಿದ್ದು ಉಪ್ಪು ಇಳಿಸಿ ಅಂದವರ ಸಲಹೆ. ಪಲ್ಯ, ಬೇಳೆಗಿಂತ ಉಪ್ಪಿನಕಾಯಿ, ಹಪ್ಪಳ, ಸಂಜೆಯ ಒಗ್ಗರಣೆ (ಮಂಡಕ್ಕಿ) ಮಿರ್ಚಿಯ ಉಪ್ಪೇ ಜಾಸ್ತಿ ಇತ್ತು. ಮಿರ್ಚಿ ಹಿಟ್ಟಿಗೆ ಹಾಕೋ ಸೋಡಾದಲ್ಲೂ ಸೋಡಿಯಂ ಇರುತ್ತೆ, ಗೊತ್ತಿರಲಿಲ್ಲ! ಈಗ ರೊಟ್ಟಿ ಜೊತೆ ಉಪ್ಪು ಕಮ್ಮಿ ಹಾಕಿದ ಅಗಸಿ ಹಿಂಡಿ (ಅಗಸೆ ಬೀಜದ ಚಟ್ನಿಪುಡಿ). ಖಾಲಿ ಹೊಟ್ಟೆಯ ಬೆಳ್ಳುಳ್ಳಿಯಿಂದ ಎದೆ ಉರಿ ಬಂದಿದ್ದಷ್ಟೇ ಲಾಭ, ಬಿಟ್ಟಳು.

ಕೆಲವರು ಹೇಳಿದ ಕಡಿಮೆ ಸೋಡಿಯಂ ಉಪ್ಪು ಬೇಡ ಅಂದರು ಡಾಕ್ಟರು. ಅದರಲ್ಲಿ ಪೊಟ್ಯಾಸಿಯಂ ಇರುತ್ತೆ. ಅವ್ವ ತಗೊಳ್ಳೋ ಬಿಪಿ ಮಾತ್ರೆ ಟೆಲ್ಮಿಸಾರ್ಟಾನ್ ಕೂಡ ರಕ್ತದಲ್ಲಿ ಅದನ್ನೇ ಏರಿಸಬಹುದಂತೆ.